ರನ್‌ವೇ ಪಕ್ಕದ ನೆಲ ಯಾರಿಗೆ? ವಿಮಾನ ದುರಸ್ತಿ ಉದ್ಯಮದ ವಿಸ್ತರಣೆ ಎತ್ತಿರುವ ಪ್ರಶ್ನೆ

ಮತ್ತಿಕೆರೆ: ಇಂಡಿಗೊ ವಿಮಾನಯಾನ ಸಂಸ್ಥೆಯು 2022ರಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ತನ್ನ ಎರಡನೆಯ ದುರಸ್ತಿ ಹ್ಯಾಂಗರ್ ತೆರೆಯಿತು. ಮೊದಲನೆಯದು ದೆಹಲಿಯಲ್ಲಿತ್ತು. ಇಲ್ಲಿ ಅದಕ್ಕೆ ದೊರೆತಿದ್ದು ಸುಮಾರು 5 ಎಕರೆ. ಏರ್‌ಬಸ್ ಎ-320 ಗಾತ್ರದ ಎರಡು ವಿಮಾನಗಳನ್ನು ಏಕಕಾಲಕ್ಕೆ ಒಳಗೆ ನಿಲ್ಲಿಸಬಹುದಾದಷ್ಟು ಜಾಗ. ಮೂರು ವರ್ಷ ಕಳೆಯುವಷ್ಟರಲ್ಲಿ, 2025ರಲ್ಲಿ, ಅದೇ ಸಂಸ್ಥೆ ಅದೇ ನಿಲ್ದಾಣದಲ್ಲಿ ಸುಮಾರು 31 ಎಕರೆಯಲ್ಲಿ ಹೊಸ ದುರಸ್ತಿ ಕೇಂದ್ರ ನಿರ್ಮಿಸಲು ನಿಲ್ದಾಣದ ಆಡಳಿತ ಕಂಪನಿಯಾದ ಬಿಐಎಎಲ್ ಜೊತೆ ಒಪ್ಪಂದಕ್ಕೆ ಬಂದಿತು. ಅದಕ್ಕೂ ಮುಂಚೆ, 2024ರ ಫೆಬ್ರುವರಿಯಲ್ಲಿ, ಏರ್ ಇಂಡಿಯಾ ರಾಜ್ಯ ಸರ್ಕಾರದೊಂದಿಗೆ ಒಡಂಬಡಿಕೆ ಮಾಡಿಕೊಂಡಿತ್ತು: 35 ಎಕರೆ ಜಾಗ, 1,300 ಕೋಟಿ ರೂಪಾಯಿ ಬಂಡವಾಳ, 1,200 ಜನರಿಗೆ ನೇರ ಉದ್ಯೋಗ. ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಕಂಪನಿ ಅದಕ್ಕೆ ತಾಂತ್ರಿಕ ಪಾಲುದಾರ.

ಬಂಡವಾಳದ ಘೋಷಣೆಗಳಿಗೆ ಕರ್ನಾಟಕದಲ್ಲಿ ಎಂದೂ ಬರವಿಲ್ಲ. ಹೂಡಿಕೆದಾರರ ಸಮಾವೇಶಗಳ ವೇದಿಕೆಯ ಮೇಲೆ ಸಹಿಯಾದ ಒಡಂಬಡಿಕೆಗಳಲ್ಲಿ ಎಷ್ಟು ಇಟ್ಟಿಗೆ–ಗಾರೆಯಾಗಿ ಎದ್ದು ನಿಂತವು ಎಂದು ಲೆಕ್ಕ ಕೇಳುವವರೂ ಕಡಿಮೆ. ಆದರೆ ಈ ಎರಡು ಪ್ರಸ್ತಾಪಗಳನ್ನು ಆ ಸಾಲಿಗೆ ಸೇರಿಸಿ ಮರೆತುಬಿಡುವಂತಿಲ್ಲ. ಏಕೆಂದರೆ ಇವು ಕೇಳುತ್ತಿರುವುದು ರಾಜ್ಯದಲ್ಲಿ ಮತ್ತೆ ಸೃಷ್ಟಿಸಲು ತೀರಾ ಕಷ್ಟವಾದ ಒಂದು ವಸ್ತುವನ್ನು: ದಿನದ 24 ಗಂಟೆಯೂ ನಡೆಯುವ ರನ್‌ವೇಯೊಂದರ ಮಗ್ಗುಲಿನ ನೆಲವನ್ನು. ಆ ನೆಲ ಯಾವುದಕ್ಕೆ ಬಳಕೆಯಾಗಬೇಕು, ಯಾವುದಕ್ಕೆ ಆಗಕೂಡದು ಎಂಬ ಬಗ್ಗೆ ಸರ್ಕಾರ ಈವರೆಗೆ ಸ್ಪಷ್ಟ ಮಾತು ಆಡಿಲ್ಲ.

ಮತ್ತಿಕೆರೆಯಿಂದ ಆ ನಿಲ್ದಾಣಕ್ಕೆ ಸುಮಾರು 30 ಕಿಲೋಮೀಟರ್. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡವರಿಗೆ ಅದು ಇನ್ನೂ ದೂರ ಎನಿಸಬಹುದು. ಆದರೆ ಈ ವಿಷಯಕ್ಕೂ ಈ ಬಡಾವಣೆಗೂ ನಂಟಿದೆ. ಯಶವಂತಪುರ, ಮತ್ತಿಕೆರೆ, ಜಾಲಹಳ್ಳಿಯ ಸುತ್ತಲಿನ ಪ್ರದೇಶ ಬೆಳೆದದ್ದೇ ಕಾರ್ಖಾನೆಯ ಪಾಳಿಗಳ ಜೊತೆಯಲ್ಲಿ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಐಟಿಐ ಓದಿದ ಹುಡುಗ ಲೇತ್ ಮುಂದೆ ನಿಂತು ಕೆಲಸ ಕಲಿತು, ಅದೇ ಸಂಬಳದಲ್ಲಿ ಮನೆ ಕಟ್ಟಿ, ಮಕ್ಕಳನ್ನು ಎಂಜಿನಿಯರ್ ಮಾಡಿದ ಕಥೆ ಇಲ್ಲಿನ ಬೀದಿಬೀದಿಗಳದು. ಎಚ್‌ಎಂಟಿ ಕೈಗಡಿಯಾರ ಘಟಕ 2016ರಲ್ಲಿ ಅಧಿಕೃತವಾಗಿ ಮುಚ್ಚಿತು. ಬಿಇಎಲ್ ಉಳಿದಿದೆ, ಬೆಳೆದಿದೆ. ಆದರೆ ಕೈಕಸುಬಿನ ನೌಕರಿ ಹಿಂದಿನಂತೆ ಸಿಗುತ್ತಿಲ್ಲ. ಸಾಫ್ಟ್‌ವೇರ್ ಕಂಪನಿಗಳು ತುಂಬಿಕೊಟ್ಟ ಉದ್ಯೋಗ ಬೇರೆ ಬಗೆಯದು. ವಿಮಾನ ದುರಸ್ತಿಯು ಹಳೆಯ ಬಗೆಯ ನೌಕರಿಗೆ, ಅಂದರೆ ಕೈಯಲ್ಲಿ ಕಸುಬು, ಜೇಬಿನಲ್ಲಿ ಪರವಾನಗಿ ಇಟ್ಟುಕೊಂಡು ಮಾಡುವ ನೌಕರಿಗೆ, ತೀರಾ ಹತ್ತಿರದ್ದು.

ಹ್ಯಾಂಗರಿನೊಳಗೆ ಏನು ನಡೆಯುತ್ತದೆ?

ವಿಮಾನ ದುರಸ್ತಿ ಎಂದೊಡನೆ ಕೆಟ್ಟುಹೋದ ವಿಮಾನವನ್ನು ಸರಿಪಡಿಸುವುದು ಎಂಬ ಕಲ್ಪನೆ ಮೂಡುವುದು ಸಹಜ. ವಾಸ್ತವದಲ್ಲಿ ಇಲ್ಲಿನ ಬಹುಪಾಲು ಕೆಲಸ ಕೆಡುವುದಕ್ಕೆ ಮುಂಚೆಯೇ ಬಿಚ್ಚಿ ನೋಡುವುದು. ರಾತ್ರಿ ತಂಗುವ ವಿಮಾನದ ಚಕ್ರ, ಬ್ರೇಕು, ಎಣ್ಣೆಯ ಮಟ್ಟ ನೋಡುವುದು ದಿನನಿತ್ಯದ ಕೆಲಸ. ಅದಕ್ಕಿಂತ ದೊಡ್ಡದು ಎ-ಚೆಕ್. ಇನ್ನೂ ದೊಡ್ಡದಾದ ಸಿ-ಚೆಕ್ ಎರಡು–ಮೂರು ವರ್ಷಕ್ಕೊಮ್ಮೆ ಬರುತ್ತದೆ. ವಿಮಾನ ದಿನಗಟ್ಟಲೆ ನೆಲದಲ್ಲೇ ಉಳಿಯುತ್ತದೆ. ಎ-320 ಸರಣಿಗೆ 6 ಹಾಗೂ 12 ವರ್ಷಗಳಲ್ಲಿ ಬರುವ ತಪಾಸಣೆಯಲ್ಲಂತೂ ಆಸನಗಳು, ಒಳಗೋಡೆ, ನೆಲಹಾಸುಗಳನ್ನೆಲ್ಲ ಕಿತ್ತು, ಅಸ್ಥಿಪಂಜರದಂತಾದ ಒಡಲಿನಲ್ಲಿ ತುಕ್ಕು ಮತ್ತು ಬಿರುಕು ಹುಡುಕುತ್ತಾರೆ. ಇದು ವಾರಗಟ್ಟಲೆ ಹಿಡಿಯುವ, ಮನುಷ್ಯರ ಕೈಯನ್ನೇ ನೆಚ್ಚಿದ ಕೆಲಸ. ಭೋಗ್ಯಕ್ಕೆ ತಂದ ವಿಮಾನವನ್ನು ಒಡೆಯನಿಗೆ ಹಿಂದಿರುಗಿಸುವ ಮುನ್ನವೂ ಇಂಥದೇ ತಪಾಸಣೆ ನಡೆಯಬೇಕು. ಭಾರತದ ಸಂಸ್ಥೆಗಳು ಹಾರಿಸುವ ವಿಮಾನಗಳಲ್ಲಿ ಬಹುಪಾಲು ಭೋಗ್ಯದವೇ ಆಗಿರುವುದರಿಂದ ಈ ಕೆಲಸಕ್ಕೆ ಕೊನೆಯಿಲ್ಲ.

ಇಂಡಿಗೊ 2023ರ ಜೂನ್‌ನಲ್ಲಿ ಒಂದೇ ಬಾರಿಗೆ 500 ಏರ್‌ಬಸ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅದೇ ವರ್ಷ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ ಬೇಡಿಕೆ ಪ್ರಕಟಿಸಿತ್ತು. ಇವೆಲ್ಲ ಬಂದ ಮೇಲೆ ಬಿಚ್ಚಿ ಜೋಡಿಸುವವರು ಯಾರು, ಎಲ್ಲಿ? ಬಹುಕಾಲ ಇದಕ್ಕೆ ಉತ್ತರ ಸಿಂಗಪುರ, ಕೊಲಂಬೊ, ಕ್ವಾಲಾಲಂಪುರ, ದುಬೈ ಆಗಿತ್ತು. ಬೆಂಗಳೂರಿನಲ್ಲಿ ತಂತ್ರಜ್ಞರಿಲ್ಲದೆ ವಿಮಾನ ಸಿಂಗಪುರಕ್ಕೆ ಹೋಗುತ್ತಿತ್ತು ಎಂದಲ್ಲ. ತೆರಿಗೆ ಹಾಗಿತ್ತು. ದೇಶದೊಳಗೆ ದುರಸ್ತಿ ಮಾಡಿಸಿದರೆ ಶೇ 18 ಜಿಎಸ್‌ಟಿ, ಹೊರಗೆ ಮಾಡಿಸಿ ತಂದರೆ ಶೇ 5. ಖಾಲಿ ವಿಮಾನವನ್ನು ಸಾವಿರಾರು ಕಿಲೋಮೀಟರ್ ಹಾರಿಸಿದರೂ ಅದೇ ಅಗ್ಗ! 2020ರ ಏಪ್ರಿಲ್‌ನಿಂದ ದೇಶೀಯ ದುರಸ್ತಿಯ ತೆರಿಗೆ ಶೇ 5ಕ್ಕೆ ಇಳಿಯಿತು. 2021ರ ಸೆಪ್ಟೆಂಬರ್‌ನ ಕೇಂದ್ರದ ಮಾರ್ಗಸೂಚಿ, ವಿಮಾನ ನಿಲ್ದಾಣ ಪ್ರಾಧಿಕಾರದ ಜಾಗಗಳಲ್ಲಿ ದುರಸ್ತಿ ಕಂಪನಿಗಳಿಂದ ರಾಯಧನ ಪಡೆಯುವುದನ್ನು ಕೈಬಿಟ್ಟು, 3ರಿಂದ 5 ವರ್ಷಗಳ ಗುತ್ತಿಗೆಯ ಬದಲು 30 ವರ್ಷಗಳ ಹಂಚಿಕೆಗೆ ದಾರಿ ಮಾಡಿತು. 2024ರ ಜುಲೈನಲ್ಲಿ ಆಮದಾಗುವ ಬಿಡಿಭಾಗ, ಉಪಕರಣಗಳಿಗೆಲ್ಲ ಏಕರೂಪದ ಶೇ 5 ತೆರಿಗೆ ನಿಗದಿಯಾಯಿತು. ಬೆಂಗಳೂರಿನಲ್ಲಿ ಈಗ ಕಾಣುತ್ತಿರುವ ಎಕರೆಗಟ್ಟಲೆ ಹಸಿವಿನ ಹಿಂದೆ ಈ ಮೂರು ತೀರ್ಮಾನಗಳಿವೆ.

ರನ್‌ವೇ ಪಕ್ಕದಲ್ಲೇ ಏಕೆ?

ಸಾಫ್ಟ್‌ವೇರ್ ಕಚೇರಿಯನ್ನು ವೈಟ್‌ಫೀಲ್ಡಿನಲ್ಲೂ ಕಟ್ಟಬಹುದು, ಹುಬ್ಬಳ್ಳಿಯಲ್ಲೂ ಕಟ್ಟಬಹುದು. ವಿಮಾನದ ರೆಕ್ಕೆಗೆ ಬೇಕಾದ ಬಿಡಿಭಾಗವನ್ನು ಬೆಳಗಾವಿಯ ಕಾರ್ಖಾನೆಯಲ್ಲಿ ತಯಾರಿಸಿ ಲಾರಿಯಲ್ಲಿ ಸಾಗಿಸಬಹುದು. ಈಗಾಗಲೇ ಹಾಗೆ ನಡೆಯುತ್ತಲೂ ಇದೆ. ಆದರೆ 36 ಮೀಟರ್ ಅಗಲ ರೆಕ್ಕೆ ಚಾಚಿದ ಇಡೀ ವಿಮಾನವನ್ನು ಬಳ್ಳಾರಿ ರಸ್ತೆಯಲ್ಲಿ ಎಳೆದು ತರಲು ಸಾಧ್ಯವಿಲ್ಲ. ಅದು ರನ್‌ವೇಗೆ ಇಳಿದು, ಟ್ಯಾಕ್ಸಿವೇ ಮೂಲಕ ಉರುಳಿಕೊಂಡೇ ಹ್ಯಾಂಗರಿನ ಬಾಗಿಲಿಗೆ ಬರಬೇಕು. ಹಾಗಾಗಿ ದುರಸ್ತಿ ಉದ್ಯಮಕ್ಕೆ ಪರ್ಯಾಯ ಜಾಗದ ಆಯ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ರನ್‌ವೇ ಪಕ್ಕದ ಎಲ್ಲ ನೆಲವೂ ಕಟ್ಟಡಕ್ಕೆ ಒದಗುವುದಿಲ್ಲ. ದೊಡ್ಡ ರನ್‌ವೇಯ ನಡುಗೆರೆಯಿಂದ ಎರಡೂ ಬದಿಗೆ 140 ಮೀಟರ್ ಪಟ್ಟಿ ತೆರವಾಗಿರಬೇಕು. ಅಲ್ಲಿಂದಾಚೆಗೂ ಮನಬಂದಂತೆ ಎತ್ತರ ಕಟ್ಟುವಂತಿಲ್ಲ; ಏಳು ಮೀಟರ್ ಹಿಂದೆ ಸರಿದರೆ ಒಂದು ಮೀಟರ್ ಮೇಲೇರಬಹುದು ಎಂಬುದು ಅಂತರರಾಷ್ಟ್ರೀಯ ನಿಯಮದ ಇಳಿಜಾರು ಲೆಕ್ಕ. ಬೋಯಿಂಗ್ 777ರ ಬಾಲವೇ 18 ಮೀಟರಿಗೂ ಎತ್ತರ. ಅದರ ಮೇಲೆ ಚಾವಣಿಯ ಕ್ರೇನು, ಉಕ್ಕಿನ ತೊಲೆ ಎಲ್ಲ ಸೇರಿ ಹ್ಯಾಂಗರ್ 28 ಮೀಟರ್ ಎದ್ದಿತು ಎಂದಿಟ್ಟುಕೊಂಡರೆ, ಅದು ತೆರವು ಪಟ್ಟಿಯ ಅಂಚಿನಿಂದ 196 ಮೀಟರ್ ಹಿಂದೆ, ಅಂದರೆ ರನ್‌ವೇ ನಡುಗೆರೆಯಿಂದ 336 ಮೀಟರ್ ದೂರದಲ್ಲಿರಬೇಕು. ಇದರ ಜೊತೆಗೆ, ಹ್ಯಾಂಗರಿನ ಬೃಹತ್ ಲೋಹದ ಬಾಗಿಲುಗಳು ವಿಮಾನ ಇಳಿಸುವ ರೇಡಿಯೊ ಸಂಕೇತಗಳನ್ನು ಪ್ರತಿಫಲಿಸಿ ಗೊಂದಲ ಮಾಡದಂತೆ ನೋಡಿಕೊಳ್ಳಬೇಕು. ತಲಾ 4,000 ಮೀಟರ್ ಉದ್ದದ ಎರಡು ರನ್‌ವೇಗಳು, ಟರ್ಮಿನಲ್‌ಗಳು, ಸರಕು ಸಂಕೀರ್ಣ, ಇಂಧನ ಸಂಗ್ರಹಾಗಾರ ಇವೆಲ್ಲದರ ನಡುವೆ ಟ್ಯಾಕ್ಸಿವೇ ತಲುಪುವ, ಎತ್ತರಕ್ಕೂ ಅವಕಾಶವಿರುವ ನೆಲವನ್ನು ಹುಡುಕಿದರೆ ಉಳಿಯುವುದು ಸ್ವಲ್ಪವೇ.

ಒಮ್ಮೆ ಕೈತಪ್ಪಿದ ಇಂಥ ನೆಲ ಮರಳುವುದಿಲ್ಲ ಎಂಬುದಕ್ಕೆ ಉದಾಹರಣೆ ಹುಡುಕಲು ಉತ್ತರ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ ಇರುವ ಜಕ್ಕೂರು ಏರೋಡ್ರೋಮ್ ಸ್ವಾತಂತ್ರ್ಯ ಬಂದ ಹೊತ್ತಿನಿಂದಲೂ ರಾಜ್ಯದ ಸ್ವತ್ತು. ವಿಮಾನ ನಿಲ್ದಾಣಕ್ಕೆ ಹೋಗುವವರ ಅನುಕೂಲಕ್ಕಾಗಿ ಹೆದ್ದಾರಿಯನ್ನು ಎತ್ತರಿಸಿದಾಗ ಈ ಏರೋಡ್ರೋಮಿನ ರನ್‌ವೇಯ ಬಳಕೆಗೆ ಕತ್ತರಿ ಬಿತ್ತು. ಒಂದು ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ಇನ್ನೊಂದು ವಿಮಾನ ನಿಲ್ದಾಣವನ್ನು ಕುಗ್ಗಿಸಿದ ವಿಚಿತ್ರವಿದು.

ಬೆಂಗಳೂರಿಗೆ ಇದು ಹೊಸ ಕಸುಬೂ ಅಲ್ಲ

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಸಂಸ್ಥಾನ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಕೊಟ್ಟಿತು. ಉದ್ದೇಶವಿದ್ದದ್ದು ವಿಮಾನ ತಯಾರಿಕೆ. ಆದರೆ ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಕೇಂದ್ರ ಸರ್ಕಾರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಮುಂದೆ ಅಲ್ಲಿ ಅಮೆರಿಕ ಸೇನೆಯ ವಿಮಾನಗಳ ಬೃಹತ್ ದುರಸ್ತಿ ಡಿಪೊ ನಡೆಯಿತು. ಕೆಟಲಿನಾ ಎಂಬ ಜಲವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯ ಮೇಲೆ ಬಂದಿಳಿಯುತ್ತಿದ್ದವು. ನೊರೆ ಉಕ್ಕಿಸಿ, ಬೆಂಕಿ ಹೊತ್ತಿಕೊಂಡು ಸುದ್ದಿಯಾದ ಅದೇ ಬೆಳ್ಳಂದೂರು ಕೆರೆ!

ಯುದ್ಧ ಮುಗಿದ ಮೇಲೆ ಬ್ರಿಟಿಷರು ಮತ್ತು ಅಮೆರಿಕನ್ನರು ಬಿಟ್ಟುಹೋದ ಡಕೋಟ ವಿಮಾನಗಳನ್ನು ಪ್ರಯಾಣಿಕರ ಸಾಗಣೆಗೆ ಯೋಗ್ಯವಾಗುವಂತೆ ಮಾಡಿಕೊಟ್ಟವರಲ್ಲಿ ಬೆಂಗಳೂರಿನ ಈ ಕೆಲಸಗಾರರೂ ಇದ್ದರು. ಕಾನ್ಪುರದಲ್ಲಿ ಕೆಡವಿ ಬಿಟ್ಟಿದ್ದ ಲಿಬರೇಟರ್ ಬಾಂಬರುಗಳನ್ನು ಹಾರುವಂತೆ ಮಾಡಿ ವಾಯುಪಡೆಗೆ ಒಪ್ಪಿಸಿದವರೂ ಇವರೇ. ಬಿಚ್ಚಿ ಜೋಡಿಸಿ ಕಲಿತ ಆ ಕೈಗಳ ಬಲದ ಮೇಲೆಯೇ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಎಚ್‌ಎಎಲ್ ಎಂಬ ಮಹಾ ಉದ್ಯಮದ ಬೇರು ದುರಸ್ತಿ ಶೆಡ್ಡಿನಲ್ಲಿದೆ ಎಂಬುದನ್ನು ನಮ್ಮ ಉದ್ಯಮ ನೀತಿ ಬರೆಯುವವರು ನೆನೆಯುವುದು ಅಪರೂಪ. ದುರಸ್ತಿಯನ್ನು ಕಾರ್ಖಾನೆಗಿಂತ ಕೀಳು ಎಂದು ಕಾಣುವ ರೂಢಿ ನಮ್ಮಲ್ಲಿ ಬಲವಾಗಿದೆ.

71, 463, 1,777

ಈಗ ಭೂಮಿಯ ಲೆಕ್ಕಕ್ಕೆ ಬರೋಣ. ಕೆಂಪೇಗೌಡ ವಿಮಾನ ನಿಲ್ದಾಣ ನಿಂತಿರುವುದು ಸುಮಾರು 4,000 ಎಕರೆಯಲ್ಲಿ. ಅದು ಸಾರ್ವಜನಿಕ ಉದ್ದೇಶಕ್ಕೆಂದು ದೇವನಹಳ್ಳಿ ಸುತ್ತಲಿನ ರೈತರಿಂದ ಸ್ವಾಧೀನವಾದ ಭೂಮಿ. ರಾಜ್ಯದ ಕೆಎಸ್‌ಐಐಡಿಸಿ ಮೂಲಕ ಬಿಐಎಎಲ್‌ಗೆ ದೀರ್ಘ ಗುತ್ತಿಗೆಯಲ್ಲಿ ಹೋಗಿದೆ. 2004ರ ಒಪ್ಪಂದದ ಪ್ರಕಾರ ಮೊದಲ ಅವಧಿ 30 ವರ್ಷ, ಅನಂತರ ಇನ್ನೂ 30 ವರ್ಷ ವಿಸ್ತರಿಸಲು ಅವಕಾಶ. ಕಂಪನಿಯಲ್ಲಿ ಕೆಎಸ್‌ಐಐಡಿಸಿಗೆ ಶೇ 13, ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ 13 ಪಾಲಿದೆ. ಉಳಿದದ್ದು ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಹಿಡಿತದಲ್ಲಿದೆ.

ಇಂಡಿಗೊದ ಹಳೆಯ 5 ಎಕರೆ, ಹೊಸ 31 ಎಕರೆ, ಏರ್ ಇಂಡಿಯಾದ 35 ಎಕರೆ: ಕೂಡಿಸಿದರೆ 71 ಎಕರೆ. ಅದೇ ಬೇಲಿಯೊಳಗೆ ಹೋಟೆಲು, ಕಚೇರಿ ಸಂಕೀರ್ಣ, ಸಭಾಂಗಣ, ಮನರಂಜನೆಗೆಂದು ಬಿಐಎಎಲ್ ರೂಪಿಸಿರುವ ‘ಏರ್‌ಪೋರ್ಟ್ ಸಿಟಿ’ಗೆ ಮೀಸಲಾಗಿರುವುದು 463 ಎಕರೆ. ಇನ್ನು ಬೇಲಿಯ ಹೊರಗೆ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ, ಏರೋಸ್ಪೇಸ್ ಪಾರ್ಕ್ ಹೆಸರಿನಲ್ಲಿ ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದುದು 1,777 ಎಕರೆ. ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೆಯುವ ಭೂಮಿ ಅದು. 2022ರಲ್ಲಿ ಶುರುವಾದ ರೈತರ ಧರಣಿ ಮೂರು ವರ್ಷ ದಾಟಿತು. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಪ್ರಕ್ರಿಯೆ ಕೈಬಿಡುವುದಾಗಿ ಪ್ರಕಟಿಸಿದರು. ಅದೇ ದಿನ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಏರೋಸ್ಪೇಸ್ ಕಂಪನಿಗಳಿಗೆ ತಮ್ಮ ರಾಜ್ಯಕ್ಕೆ ಬಹಿರಂಗ ಆಹ್ವಾನ ನೀಡಿದರು.

ಆಂಧ್ರದ ಆಹ್ವಾನದಿಂದ ಕರ್ನಾಟಕದ ಉದ್ಯಮ ವಲಯದಲ್ಲಿ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ರೈತರಿಂದಾಗಿ ವೈಮಾನಿಕ ಉದ್ಯಮ ಕೈಬಿಟ್ಟುಹೋಯಿತು ಎಂಬ ಧಾಟಿಯ ಮಾತುಗಳು ಕೇಳಿಬಂದವು. ಆ ವಾದವನ್ನು ಈ ಮೂರು ಅಂಕಿಗಳ ಮುಂದಿಟ್ಟು ನೋಡಬೇಕು. ರನ್‌ವೇ ಇಲ್ಲದೆ ಬದುಕಲಾರದ ಉದ್ಯಮ ಕೇಳುತ್ತಿರುವುದು 71 ಎಕರೆ. ರನ್‌ವೇ ಇಲ್ಲದೆಯೂ ಬದುಕಬಲ್ಲ ಉದ್ಯಮಗಳ ಹೆಸರಿನಲ್ಲಿ ರೈತರಿಂದ ಕೇಳಿದ್ದು 1,777 ಎಕರೆ. ಇನ್ನು ಹೋಟೆಲಿಗೂ ಕಚೇರಿಗೂ ಟ್ಯಾಕ್ಸಿವೇ ಬೇಕಿಲ್ಲ. ‘ವೈಮಾನಿಕ’ ಎಂಬ ಒಂದೇ ವಿಶೇಷಣ ಹಚ್ಚಿ ಎಲ್ಲ ಬೇಡಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ದೇವನಹಳ್ಳಿ ವಿವಾದದ ಮೂಲದೋಷ. ವಿಮಾನವನ್ನೇ ಒಳಗೆ ತರಬೇಕಾದ ಉದ್ಯಮ ಯಾವುದು, ವಿಮಾನಕ್ಕೆ ಬೇಕಾದ ವಸ್ತು ಮಾಡುವ ಉದ್ಯಮ ಯಾವುದು, ವಿಮಾನ ನಿಲ್ದಾಣದ ಹೆಸರಿನಿಂದ ಬಾಡಿಗೆ ಹೆಚ್ಚಿಸಿಕೊಳ್ಳುವ ಉದ್ಯಮ ಯಾವುದು ಎಂದು ವಿಂಗಡಿಸಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಏರ್‌ಪೋರ್ಟ್ ಸಿಟಿಯ 463 ಎಕರೆಯೂ ಹ್ಯಾಂಗರಿಗೆ ಒದಗುವ ನೆಲ ಎಂದು ಇಲ್ಲಿ ವಾದಿಸುತ್ತಿಲ್ಲ. ಅದರಲ್ಲಿ ಬಹುಭಾಗ ರಸ್ತೆಯ ಕಡೆಗಿದೆ. ನಿಲ್ದಾಣದ ಆಡಳಿತ ಕಂಪನಿಗೆ ಹ್ಯಾಂಗರಿಗಿಂತ ಹೋಟೆಲು ಲಾಭದಾಯಕವಾಗಿ ಕಂಡರೆ ಅದು ವ್ಯಾಪಾರದ ಸಹಜ ಲೆಕ್ಕ. ಆದರೆ ಸರ್ಕಾರ ಬರೀ ವ್ಯಾಪಾರಿಯಲ್ಲ. ಅದು ಪಾಲುದಾರನೂ ಹೌದು, ಭೂಮಿಯ ಮಾಲೀಕನೂ ಹೌದು. ಟ್ಯಾಕ್ಸಿವೇ ತಲುಪಬಹುದಾದ ಒಂದೊಂದು ಎಕರೆಯೂ ವಿಮಾನಸಂಬಂಧಿ ಬಳಕೆಗೇ ಮೀಸಲು ಎಂಬ ಷರತ್ತನ್ನು ಅದು ಕೇಳಬಹುದು, ಕೇಳಬೇಕು. ರನ್‌ವೇ ಪಕ್ಕದ ನೆಲದ ನಕ್ಷೆಯನ್ನು, ಯಾವ ತುಂಡು ಯಾರಿಗೆ ಎಷ್ಟು ವರ್ಷಕ್ಕೆ ಹೋಗಿದೆ ಎಂಬ ವಿವರದೊಡನೆ, ವಿಧಾನಮಂಡಲದ ಮುಂದಿಡುವುದರಲ್ಲಿ ಯಾವ ವ್ಯಾಪಾರ ಗುಟ್ಟೂ ಬಯಲಾಗುವುದಿಲ್ಲ.

ಉದ್ಯೋಗ ಯಾರಿಗೆ?

ಒಡಂಬಡಿಕೆಯಲ್ಲಿರುವ 1,200 ಎಂಬ ಅಂಕಿಯನ್ನು ಬಿಡಿಸಿ ನೋಡಬೇಕು. ವಿಮಾನದ ಕೆಲಸ ಮುಗಿದ ಮೇಲೆ ‘ಇದು ಹಾರಲು ಯೋಗ್ಯ’ ಎಂದು ಸಹಿ ಹಾಕುವವರು ಡಿಜಿಸಿಎ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರುಗಳು. ಸಿಎಆರ್-66 ಎಂಬ ನಿಯಮದಡಿ ಈ ಪರವಾನಗಿ ಸಿಗಬೇಕಾದರೆ ಪರೀಕ್ಷೆ ಪಾಸಾದರೆ ಸಾಲದು. ಹಾರುತ್ತಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವ ಬೇಕು. ಮಾನ್ಯತೆ ಪಡೆದ ಶಾಲೆಯಲ್ಲಿ ಓದಿದವರಿಗೂ ದೊಡ್ಡ ವಿಮಾನಗಳ ವರ್ಗಕ್ಕೆ ಎರಡು ವರ್ಷದ ಅನುಭವ ಕಡ್ಡಾಯ, ಇತರರಿಗೆ ಇನ್ನೂ ಹೆಚ್ಚು. ಆ ಅನುಭವ ದೊರೆಯುವುದು ಅನುಮೋದಿತ ಹ್ಯಾಂಗರಿನೊಳಗೆ ಮಾತ್ರ.

ಇಲ್ಲೇ ಮಧ್ಯಮ ವರ್ಗದ ಅನೇಕ ಕುಟುಂಬಗಳು ಎಡವುವುದು. ವಿಮಾನ ನಿರ್ವಹಣೆಯ ಕೋರ್ಸಿಗೆ ಲಕ್ಷಾಂತರ ರೂಪಾಯಿ ಸುರಿದು, ಪರೀಕ್ಷೆಗಳನ್ನೂ ಮುಗಿಸಿ, ಒಳಗೆ ಕಾಲಿಡಲು ಹ್ಯಾಂಗರ್ ಸಿಗದೆ ಕೊನೆಗೆ ಬೇರೆ ಕೆಲಸಕ್ಕೆ ಸೇರಿದ ಯುವಕರು ಬೆಂಗಳೂರಿನಲ್ಲಿ ವಿರಳವಲ್ಲ. ಕಾಲೇಜಿನ ಜಾಹೀರಾತಿನಲ್ಲಿ ವಿಮಾನದ ಚಿತ್ರ ಇರುತ್ತದೆ; ಹ್ಯಾಂಗರಿನ ಪ್ರವೇಶ ಪತ್ರ ಇರುವುದಿಲ್ಲ. ಆದ್ದರಿಂದ ಹೊಸ ದುರಸ್ತಿ ಕೇಂದ್ರಗಳಿಂದ ರಾಜ್ಯಕ್ಕೆ ಸಿಗುವ ದೊಡ್ಡ ಲಾಭ ಸಂಬಳವಷ್ಟೇ ಅಲ್ಲ, ಆ ಎರಡು ವರ್ಷದ ಅನುಭವ. ಅದು ಸಿಕ್ಕವನಿಗೆ ಮುಂದೆ ಬೇರೆ ಊರುಗಳ ಬಾಗಿಲುಗಳೂ ತೆರೆಯುತ್ತವೆ.

ಸ್ಥಳೀಯರಿಗೆ ಉದ್ಯೋಗ ಎಂಬ ಮಾತು ನಮ್ಮಲ್ಲಿ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಕೇಳಿಬರುತ್ತಿದೆ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳ ವಿರೋಧ ಬಂದ ಎರಡೇ ದಿನಕ್ಕೆ ಅದನ್ನು ತಡೆಹಿಡಿಯಲಾಯಿತು. ಆ ಮಸೂದೆಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಆದರೆ ಕಾನೂನು ಮಾಡಿ ಹೇರಲಾಗದ್ದನ್ನು ಭೂಮಿ ಕೊಡುವಾಗ ಷರತ್ತಾಗಿ ಪಡೆಯಲು ಯಾವ ಅಡ್ಡಿಯೂ ಇಲ್ಲ. ಇಷ್ಟು ಎಕರೆಗೆ ಇಷ್ಟು ತರಬೇತಿ ಸ್ಥಾನ ಎಂಬ ಸರಳ ಲೆಕ್ಕ ಸಾಕು.

ಎಂಜಿನ್ ಮಾತ್ರ ಹೈದರಾಬಾದಿಗೆ

ಇಷ್ಟಾದರೂ ಅತಿಯಾದ ನಿರೀಕ್ಷೆ ಸಲ್ಲದು. ಹ್ಯಾಂಗರಿನಲ್ಲಿ ನಡೆಯುವುದು ವಿಮಾನದ ಒಡಲಿನ ಕೆಲಸ. ದುರಸ್ತಿ ವೆಚ್ಚದ ದೊಡ್ಡ ಪಾಲು ಇರುವುದು ಎಂಜಿನ್ನಿನಲ್ಲಿ. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನುಗಳ ಲೋಹದ ಪುಡಿಯಲ್ಲಿ ಕಂಡುಬಂದ ದೋಷದಿಂದ 2024ರ ಆರಂಭದಲ್ಲಿ ಇಂಡಿಗೊದ 70ಕ್ಕೂ ಹೆಚ್ಚು ವಿಮಾನಗಳು ನೆಲ ಹಿಡಿದವು. 2023ರ ಮೇನಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ ಗೋ ಫಸ್ಟ್ ಕೂಡ ಅದೇ ಕಂಪನಿಯ ಎಂಜಿನ್ನುಗಳನ್ನೇ ಕಾರಣವಾಗಿ ತೋರಿಸಿತ್ತು. ಬೆಂಗಳೂರಿನಲ್ಲಿ ನೂರು ಎಕರೆ ಹ್ಯಾಂಗರ್ ಇದ್ದಿದ್ದರೂ ಆ ವಿಮಾನಗಳು ಹಾರುತ್ತಿರಲಿಲ್ಲ. ಎಂಜಿನ್ ದುರಸ್ತಿಯ ದೊಡ್ಡ ತುತ್ತು ನೆರೆಯ ಹೈದರಾಬಾದಿಗೆ ಹೋಗಿದೆ: ಲೀಪ್ ಎಂಜಿನ್ನುಗಳಿಗಾಗಿ ಫ್ರಾನ್ಸಿನ ಸಫ್ರಾನ್ ಕಟ್ಟಿದ ಘಟಕ 2025ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು, ಪೂರ್ಣ ಸಾಮರ್ಥ್ಯ ತಲುಪಿದಾಗ ವರ್ಷಕ್ಕೆ 300 ಎಂಜಿನ್. ಎಂಜಿನ್ನನ್ನು ಲಾರಿಯಲ್ಲಿ ಸಾಗಿಸಬಹುದು ಎಂಬುದನ್ನು ಗಮನಿಸಿ. ಅದಕ್ಕೆ ರನ್‌ವೇ ಪಕ್ಕದ ನೆಲವೇ ಬೇಕೆಂದಿಲ್ಲ. ದೇವನಹಳ್ಳಿಯ ಹಳೆಯ ಏರೋಸ್ಪೇಸ್ ಪಾರ್ಕಿನಲ್ಲೇ ಅಂಥ ಘಟಕ ಬರಬಹುದಿತ್ತು.

ಹಾಗೆಯೇ ಎಲ್ಲ ಹ್ಯಾಂಗರುಗಳೂ ಬೆಂಗಳೂರಿನಲ್ಲೇ ಇರಬೇಕೆ ಎಂದೂ ಕೇಳಬೇಕು. ರಾತ್ರಿ ತಂಗುವ ವಿಮಾನಗಳ ತಪಾಸಣೆ ಅವು ತಂಗುವಲ್ಲೇ ಆಗಬೇಕು, ಸರಿ. ಆದರೆ ವಾರಗಟ್ಟಲೆ ನಿಲ್ಲುವ ದೊಡ್ಡ ತಪಾಸಣೆಗೆ, ಬಣ್ಣ ಬಳಿಯುವುದಕ್ಕೆ ನಗರದ ದುಬಾರಿ ನೆಲ ಅನಿವಾರ್ಯವಲ್ಲ. ಬೋಯಿಂಗ್ ಕಟ್ಟಿಸಿ ಏರ್ ಇಂಡಿಯಾಕ್ಕೆ 2015ರಲ್ಲಿ ಒಪ್ಪಿಸಿದ ದುರಸ್ತಿ ಕೇಂದ್ರ ಇರುವುದು ಮುಂಬೈಯಲ್ಲಲ್ಲ, ನಾಗಪುರದಲ್ಲಿ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್. ಅದನ್ನು ನಡೆಸುತ್ತಿರುವುದು ಖಾಸಗಿ ಕಂಪನಿಯಲ್ಲ, ರಾಜ್ಯದ್ದೇ ಆದ ಕೆಎಸ್‌ಐಐಡಿಸಿ. ದಿನಕ್ಕೆ ಬೆರಳೆಣಿಕೆಯ ವಿಮಾನಗಳು ಇಳಿಯುವ ಅಲ್ಲಿ ರನ್‌ವೇ ಪಕ್ಕದ ನೆಲಕ್ಕೆ ಪೈಪೋಟಿ ಇಲ್ಲ. ಕಲಬುರಗಿಯದೂ ಬಹುತೇಕ ಇದೇ ಸ್ಥಿತಿ. ಬೆಂಗಳೂರಿನಾಚೆ ಉದ್ಯಮ ಒಯ್ಯುತ್ತೇವೆ ಎಂದು ಪ್ರತಿ ಸರ್ಕಾರವೂ ಹೇಳುತ್ತದೆ. ಇಲ್ಲಿ ರನ್‌ವೇಯೇ ಸಿದ್ಧವಾಗಿ ಬಿದ್ದಿದೆ. ಬಿಡಿಭಾಗದ ಸರಬರಾಜು, ತಂತ್ರಜ್ಞರ ಕುಟುಂಬಗಳಿಗೆ ಶಾಲೆ–ಆಸ್ಪತ್ರೆ ಎಂಬ ತೊಡಕುಗಳಿವೆ ನಿಜ, ಆದರೆ ಅವು ಪರಿಹಾರವಿಲ್ಲದ ತೊಡಕುಗಳಲ್ಲ.

ಪರಿಸರದ ಮಾತನ್ನೂ ಆಡದೆ ಬಿಡುವಂತಿಲ್ಲ. ಹಳೆಯ ಬಣ್ಣ ಕೀಳುವ ರಾಸಾಯನಿಕ, ಹೈಡ್ರಾಲಿಕ್ ಎಣ್ಣೆ, ಲೋಹ ತೊಳೆದ ನೀರು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿರುವಂಥವು. ನಿಲ್ದಾಣದ ಆಸುಪಾಸಿನ ಬಯಲುಸೀಮೆಯ ಕೆರೆಗಳು ಈಗಾಗಲೇ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರಿನ ಮೇಲೆ ನಿಂತಿವೆ. ಅಂತರ್ಜಲಕ್ಕೆ ಇಳಿಯುವುದು ಅದೇ ನೀರು. ಅದಕ್ಕೆ ಭಾರಲೋಹ ಬೆರೆತರೆ ದಂಡ ತೆರುವವರು ಚನ್ನರಾಯಪಟ್ಟಣದ ಅದೇ ತರಕಾರಿ ಬೆಳೆಗಾರರು. ಎಂಜಿನ್ನುಗಳನ್ನು ರಾತ್ರಿ ಪೂರ್ಣ ವೇಗದಲ್ಲಿ ಓಡಿಸಿ ಪರೀಕ್ಷಿಸುವ ಸದ್ದೂ ಸಣ್ಣದಲ್ಲ. ಅದಕ್ಕೆ ತಡೆಗೋಡೆಯ ಪ್ರತ್ಯೇಕ ಅಂಕಣ ಕಟ್ಟುವುದು ಹೊರದೇಶಗಳಲ್ಲಿ ರೂಢಿ. ಅನುಮತಿ ಪತ್ರದಲ್ಲೇ ಇವನ್ನೆಲ್ಲ ಬರೆಸಿಕೊಳ್ಳುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ.

ಸದ್ಯಕ್ಕೆ ಕಂಪನಿಗಳ ಬೇಡಿಕೆ ನ್ಯಾಯವಾದದ್ದೇ. ರನ್‌ವೇ ಪಕ್ಕದ ಜಾಗ ಅವರಿಗಲ್ಲದೆ ಇನ್ನಾರಿಗೆ ಕೊಡಬೇಕು? ಆದರೆ ಎರಡು ದೊಡ್ಡ ವಿಮಾನಯಾನ ಸಂಸ್ಥೆಗಳು ತಮ್ಮ ತಮ್ಮ ವಿಮಾನಗಳಿಗಾಗಿ ಮಾತ್ರ ಹ್ಯಾಂಗರ್ ಕಟ್ಟಿಕೊಂಡು ಉಳಿದವರಿಗೆ ಬಾಗಿಲು ಹಾಕಿದರೆ, ನಾಳೆ ಬರುವ ಸಣ್ಣ ಸಂಸ್ಥೆ ಮತ್ತೆ ಕೊಲಂಬೊ ದಾರಿ ಹಿಡಿಯಬೇಕಾಗುತ್ತದೆ. ಬಿಡುವಿದ್ದಾಗ ಹೊರಗಿನವರ ವಿಮಾನಗಳನ್ನೂ ನ್ಯಾಯವಾದ ದರಕ್ಕೆ ಒಳಗೆ ಬಿಡಬೇಕೆಂಬ ಷರತ್ತು ಗುತ್ತಿಗೆಯಲ್ಲಿ ಇರಬೇಕು. ತರಬೇತಿಯ ವಿಷಯದಲ್ಲಂತೂ ಹೊಸ ಕಾನೂನೇ ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 1,200 ಜನರ ಕೇಂದ್ರದಲ್ಲಿ ಅದು ಕನಿಷ್ಠ 30, ಗರಿಷ್ಠ 180. ಕನಿಷ್ಠಕ್ಕೆ ನಿಲ್ಲುವುದೋ ಗರಿಷ್ಠಕ್ಕೆ ಏರುವುದೋ ಎಂಬುದನ್ನು ಕಂಪನಿಯ ಔದಾರ್ಯಕ್ಕೆ ಬಿಡದೆ, ಭೂಮಿಯ ಪತ್ರಕ್ಕೆ ಸಹಿ ಬೀಳುವ ದಿನವೇ ಕೆಎಸ್‌ಐಐಡಿಸಿ ತನ್ನ ಶೇ 13 ಪಾಲಿನ ಬಲದಲ್ಲಿ ಬರೆಸಿಕೊಳ್ಳಬಹುದು.